ಹಾಯಿ ಬಿಚ್ಚುವ ಮೊದಲು ಲಂಗರು ಹಾಕಲು ಕಲಿಯಬೇಕು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ವಿಟ್‌ಸಂಡೆ ದ್ವೀಪಸಮೂಹದಲ್ಲಿ ಹಾಯಿದೋಣಿಯೊಂದನ್ನು ಬಾಡಿಗೆಗೆ ಪಡೆದು, ನಾವಿಕರ ನೆರವಿಲ್ಲದೆ ತಾವೇ ನಡೆಸಿಕೊಂಡು ಹೋಗಬಹುದು. ಅದಕ್ಕೆ ಪರವಾನಗಿಯೂ ಬೇಕಿಲ್ಲ; ದೋಣಿ ಕೊಡುವವರು ಹೊರಡುವ ಮುನ್ನ ತಿಳಿವಳಿಕೆ ನೀಡುತ್ತಾರೆ. ಸಾಮಾನ್ಯ ಕುಟುಂಬಗಳಿಗೂ ಸಮುದ್ರ ಹೀಗೆ ತೆರೆದಿರುವುದು ಒಳ್ಳೆಯದೆಂದೇ ನಾನು ನಂಬಿದ್ದೇನೆ. ಆದರೆ ಆ ತಿಳಿವಳಿಕೆಯಲ್ಲಿ ಹಾಯಿ ಏರಿಸುವುದಕ್ಕಿಂತ ಲಂಗರು ಹಾಕುವುದಕ್ಕೆ ಹೆಚ್ಚು ಸಮಯ ಸಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣ ಅಲ್ಲಿನ ಗಾಳಿಯಲ್ಲಿಯೇ ಇದೆ. ವರ್ಷದ ಬಹುಭಾಗ ಅಲ್ಲಿ ಆಗ್ನೇಯ ದಿಕ್ಕಿನಿಂದ ಗಾಳಿ ಬೀಸುವುದರಿಂದ ಹುಕ್ ದ್ವೀಪದ ಉತ್ತರದ ಕೊಲ್ಲಿಗಳು ಶಾಂತವಾಗಿರುತ್ತವೆ. ದಡಕ್ಕಂಟಿಕೊಂಡು ಬೆಳೆದ ಸುಂದರ ಹವಳ ದಿಬ್ಬಗಳಿರುವುದೂ ಅಲ್ಲಿಯೇ. ಹೀಗಾಗಿ ಆಶ್ರಯ ಬಯಸುವ ದೋಣಿಗಳೂ ಹವಳ ನೋಡಬಯಸುವ ದೋಣಿಗಳೂ ಒಂದೇ ಕಡೆ ಸೇರುತ್ತವೆ. ಲಂಗರಿನ ಸರಪಳಿ ಬಿದ್ದಲ್ಲೇ ಸುಮ್ಮನಿರುವುದಿಲ್ಲ. ಗಾಳಿಯೂ ಉಬ್ಬರವಿಳಿತವೂ ದಿಕ್ಕು ಬದಲಿಸಿದಂತೆ ದೋಣಿ ಸುತ್ತುತ್ತದೆ, ಸರಪಳಿ ತಳವನ್ನು ಕಸಬರಿಗೆಯಂತೆ ಗುಡಿಸುತ್ತದೆ. ಕವಲೊಡೆಯುವ ಹವಳ ಕೆಲವು ವರ್ಷಗಳಲ್ಲಿ ಮತ್ತೆ ಚಿಗುರಬಹುದು; ಬಂಡೆಯಂತೆ ಬೆಳೆಯುವ ಜಾತಿಗಳು ವರ್ಷಕ್ಕೆ ಸುಮಾರು 1 ಸೆಂಟಿಮೀಟರ್‌ನಷ್ಟೇ ಬೆಳೆಯುತ್ತವೆ. 2017ರ ಮಾರ್ಚ್‌ನಲ್ಲಿ ಡೆಬಿ ಚಂಡಮಾರುತ ಇದೇ ದ್ವೀಪಗಳ ಹವಳವನ್ನು ತೀವ್ರವಾಗಿ ಹಾಳುಮಾಡಿತು. ಇಂಥ ಚಂಡಮಾರುತವಾಗಲಿ, ಬಿಸಿಯೇರುತ್ತಿರುವ ಸಮುದ್ರವಾಗಲಿ ನಮ್ಮ ಕೈಮೀರಿದ್ದು. ಲಂಗರು ಮಾತ್ರ ನಮ್ಮ ಕೈಯಲ್ಲೇ ಇದೆ.

ಅಲ್ಲಿನ ಸಾಗರ ಉದ್ಯಾನದ ಆಡಳಿತವು ಹಲವು ಕೊಲ್ಲಿಗಳಲ್ಲಿ ಲಂಗರು ಹಾಕದೆಯೇ ದೋಣಿಯನ್ನು ಹಗ್ಗದಿಂದ ಕಟ್ಟಿ ನಿಲ್ಲಿಸಲು ಸಾರ್ವಜನಿಕ ಬೋಯ್‌ಗಳನ್ನು, ಎಂದರೆ ತಳಕ್ಕೆ ಬಿಗಿದ ತೇಲುಬುರುಡೆಗಳನ್ನು, ಇರಿಸಿದೆ. ಅವುಗಳ ಮೇಲಿನ ಬಣ್ಣದ ಪಟ್ಟಿ ನೋಡಿದರೆ ಎಷ್ಟು ದೊಡ್ಡ ದೋಣಿಯನ್ನು ಕಟ್ಟಬಹುದೆಂದು ತಿಳಿಯುತ್ತದೆ. ಪಿರಮಿಡ್ ಆಕಾರದ ಬಿಳಿ ಗುರುತುಗಳಿಂದ ದಡದ ಕಡೆಗೆ ಲಂಗರು ಹಾಕುವುದು ನಿಷಿದ್ಧ. ಬೋಯ್ ಖಾಲಿಯಿಲ್ಲದಿದ್ದರೆ ಮರಳಿನ ತಳವನ್ನೇ ಹುಡುಕಬೇಕು, ಅದೂ ಸೂರ್ಯ ಮೇಲಿರುವಾಗಲೇ. ಸಂಜೆಯ ಓರೆ ಬಿಸಿಲಿಗೆ ನೀರು ಹೊಳೆದು, ಕೆಳಗಿರುವುದು ಮರಳೋ ಹವಳವೋ ತಿಳಿಯುವುದಿಲ್ಲ.

ಆದ್ದರಿಂದಲೇ ದಿನಕ್ಕೆ ಮೂರು ಕೊಲ್ಲಿಗಳನ್ನು ಮುಗಿಸುವ ಯೋಜನೆಗಳನ್ನು ನಾನು ಒಪ್ಪುವುದಿಲ್ಲ. ಅವಸರಪಟ್ಟವರು ತಡವಾಗಿ ತಲುಪುತ್ತಾರೆ, ತಡವಾಗಿ ತಲುಪಿದವರು ಸಿಕ್ಕಲ್ಲಿ ಲಂಗರು ಇಳಿಸುತ್ತಾರೆ. ಅದರ ಬದಲು ಹವಳವಿರುವಲ್ಲಿ ಹಗಲು ಬೋಯ್‌ಗೆ ಕಟ್ಟಿ ಈಜಿ, ಮಧ್ಯಾಹ್ನವೇ ಹೊರಟು, ರಾತ್ರಿಗೆ ಹುಕ್ ದ್ವೀಪದ ನಾರಾ ಇನ್ಲೆಟ್‌ನಂಥ, ನೆಲದೊಳಕ್ಕೆ ಚಾಚಿದ ಕಿರಿದಾದ ಕೊಲ್ಲಿಯಲ್ಲಿ ತಂಗಬಹುದು. ಅಲ್ಲಿನ ಗುಹೆಯಲ್ಲಿ ಸಮುದ್ರವನ್ನೇ ನಂಬಿ ಬದುಕಿದ ಮೂಲನಿವಾಸಿ ನ್ಗಾರೋ ಜನರ ವರ್ಣಚಿತ್ರಗಳಿವೆ. ಮನುಷ್ಯವಾಸದ ಸುಮಾರು 9000 ವರ್ಷಗಳಷ್ಟು ಹಳೆಯ ಕುರುಹುಗಳು ಅಲ್ಲಿ ದೊರೆತಿವೆ. ಒಂದು ಸಂಜೆಯನ್ನು ಪೂರ್ತಿಯಾಗಿ ಕೊಡಬೇಕಾದ ಸ್ಥಳವದು.

ದೋಣಿ ಬಾಡಿಗೆಗೆ ಕೊಡುವವರಲ್ಲಿ ನನ್ನ ಕೋರಿಕೆ ಇಷ್ಟೇ: ಗ್ರಾಹಕರು ಗಾಳಿಗೆದುರಾಗಿ ನಿಧಾನವಾಗಿ ಬಂದು ಬೋಯ್‌ನ ಹಗ್ಗ ಹಿಡಿಯುವುದನ್ನೂ, ಮರಳಿನ ಮೇಲೆ ಲಂಗರು ಇಳಿಸಿ ಅದು ಕಚ್ಚಿದೆಯೇ ಎಂದು ಪರೀಕ್ಷಿಸುವುದನ್ನೂ ನಿಮ್ಮ ಕಣ್ಣೆದುರೇ ಮಾಡಿ ತೋರಿಸುವವರೆಗೆ ದೋಣಿಯನ್ನು ಅವರ ಕೈಗೆ ಒಪ್ಪಿಸಬೇಡಿ.