ಸೀಟು ಇಲ್ಲ ಅಂದರೆ ಯಾಕಿಲ್ಲ ಅಂತ ಬರೆದುಕೊಡಿ

ಹೋದ ನವೆಂಬರ್‌ನಲ್ಲಿ ಲಂಡನ್‌ನಿಂದ ರಜೆಗೆ ಬೆಂಗಳೂರಿಗೆ ಬಂದಿದ್ದೆ. ಬಂದ ಮೂರನೇ ದಿನವೇ ತಂಗಿ, ಅವಳ ಗಂಡ, ಮಗು ಎಲ್ಲರ ಜೊತೆ ವಿಜಯನಗರದ ಒಂದು ಫೋಟೋ ಸ್ಟುಡಿಯೋಗೆ ಹೋದೆ. ಅವಳ ಮಗನಿಗೆ ಎಲ್‌ಕೆಜಿ ಸೀಟು ಬೇಕಿತ್ತು. ಅರ್ಜಿಯ ಜೊತೆ ಪೋಸ್ಟ್‌ಕಾರ್ಡ್ ಸೈಜಿನ ಫ್ಯಾಮಿಲಿ ಫೋಟೋ ಕೊಡಿ ಅಂತ ಶಾಲೆಯವರು ಹೇಳಿದ್ದರು. ತಂಗಿ ಮೊದಲು ಚೂಡಿದಾರ್‌ನಲ್ಲಿ ಬಂದಿದ್ದಳು. ಆಮೇಲೆ ಏನನ್ನಿಸಿತೋ, ಮನೆಗೆ ವಾಪಸ್ ಹೋಗಿ ಸೀರೆ ಉಟ್ಟುಕೊಂಡು ಬಂದಳು.

‘ಏನು ನೋಡ್ತಾರೋ ಗೊತ್ತಿಲ್ಲ ಅಲ್ವಾ ಅಣ್ಣ’ ಅಂದಳು.

ಅರ್ಜಿ ಫಾರಂ ನಾನೂ ನೋಡಿದೆ. ಅದರ ಬೆಲೆಯೇ ಸಾವಿರ ರೂಪಾಯಿ. ಅಪ್ಪ ಏನು ಓದಿದ್ದಾರೆ, ಯಾವ ಕಂಪನಿ, ವರ್ಷಕ್ಕೆ ಎಷ್ಟು ಸಂಬಳ, ಅಮ್ಮ ಕೆಲಸಕ್ಕೆ ಹೋಗುತ್ತಾರಾ, ಮನೆಯಲ್ಲಿ ಮಾತಾಡುವ ಭಾಷೆ ಯಾವುದು. ಮಗುವಿನ ಬಗ್ಗೆ ಕೇಳಿದ್ದು ಅರ್ಧ ಪುಟ, ಅಪ್ಪ ಅಮ್ಮನ ಬಗ್ಗೆ ಎರಡು ಪುಟ. ಆಮೇಲೆ ‘ಇಂಟರಾಕ್ಷನ್’. ಹತ್ತು ಹನ್ನೆರಡು ನಿಮಿಷ. ಮಗುವಿಗೆ ಬಣ್ಣ ತೋರಿಸಿ ಹೆಸರು ಕೇಳಿದರು. ಮನೆಯಲ್ಲಿ ಹಲ್ಲಿಯ ಬಣ್ಣವನ್ನೂ ಬಿಡದೆ ಹೇಳುವ ಹುಡುಗ ಅಲ್ಲಿ ಬಾಯಿ ಬಿಡಲಿಲ್ಲ. ಅಮ್ಮನ ಸೀರೆಯ ಸೆರಗಲ್ಲಿ ಮುಖ ಮುಚ್ಚಿಕೊಂಡ. ‘ಮೆಸೇಜ್ ಬರುತ್ತೆ’ ಅಂತ ಕಳಿಸಿದರು.

ಮೆಸೇಜ್ ಬರಲಿಲ್ಲ. ಮೂರು ವಾರ ಕಾದು ತಂಗಿ ಫೋನ್ ಮಾಡಿದಳು. ‘ಸೀಟು ಫುಲ್ ಆಗಿದೆ ಮೇಡಂ.’ ಎಷ್ಟು ಸೀಟಿತ್ತು, ಎಷ್ಟು ಜನ ಅರ್ಜಿ ಹಾಕಿದ್ದರು, ನಮಗೆ ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲ. ನಾನು ಲಂಡನ್‌ಗೆ ವಾಪಸ್ ಬಂದ ಮೇಲೂ ಒಂದು ತಿಂಗಳು ಫೋನಿನಲ್ಲಿ ಅವಳದು ಅದೇ ಮಾತು. ಮಗ ಬಣ್ಣ ಹೇಳಲಿಲ್ಲ ಅಂತಲಾ? ನಾವು ಬಾಡಿಗೆ ಮನೆಯಲ್ಲಿದ್ದೀವಿ ಅಂತಲಾ? ನನ್ನ ಇಂಗ್ಲಿಷ್ ತಡವರಿಸಿತು ಅಂತಲಾ?

ಸೀಟು ಸಿಗದೇ ಇರುವುದು ಎಲ್ಲ ಊರಿನಲ್ಲೂ ಇದೆ. ಇರೋದು ಮೂವತ್ತು ಸೀಟು, ಬಂದವರು ನೂರು ಜನ ಅಂದರೆ ಎಪ್ಪತ್ತು ಮಕ್ಕಳು ಬೇರೆ ಕಡೆ ಹೋಗಲೇಬೇಕು. ಅದಕ್ಕೆ ನನ್ನ ತಕರಾರಿಲ್ಲ. ಆ ಎಪ್ಪತ್ತು ಮನೆಯವರಿಗೆ ಕಾರಣ ಗೊತ್ತಾಗದೆ, ತಪ್ಪು ತಮ್ಮದೇ ಅಂದುಕೊಂಡು ಕೊರಗುವ ಹಾಗೆ ಮಾಡಿದ್ದೇವಲ್ಲ, ಅದು ನನಗೆ ಸಹಿಸಲು ಆಗುತ್ತಿಲ್ಲ.

ನನ್ನ ಮಗಳಿಗೂ ಮೊದಲು ಬಯಸಿದ ಶಾಲೆ ಸಿಗಲಿಲ್ಲ. ಅದು 2021ರ ಮಾತು. ಇಂಗ್ಲೆಂಡಿನಲ್ಲಿ ಮಗುವಿಗೆ ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರ್‌ನಲ್ಲಿ ರಿಸೆಪ್ಷನ್ ಅನ್ನುವ ತರಗತಿ ಶುರುವಾಗುತ್ತದೆ. ಸರ್ಕಾರಿ ದುಡ್ಡಿನಲ್ಲಿ ನಡೆಯುವ ಶಾಲೆಗಳಿಗೆ ಒಂದೊಂದಾಗಿ ಅಲೆಯಬೇಕಿಲ್ಲ. ನಮ್ಮ ಪಾಲಿಕೆಯ ಹಾಗೆ ಅಲ್ಲಿರುವ ಕೌನ್ಸಿಲ್‌ಗೆ ಒಂದೇ ಅರ್ಜಿ. ಲಂಡನ್ನಿನಲ್ಲಾದರೆ ಅದರಲ್ಲಿ 6 ಶಾಲೆಗಳ ತನಕ ಇಷ್ಟದ ಕ್ರಮದಲ್ಲಿ ಬರೆಯಬಹುದು. ಜನವರಿ 15 ಕೊನೇ ದಿನ. ಅಕ್ಟೋಬರ್‌ನಲ್ಲಿ ಹಾಕಿದವರಿಗೂ, ಜನವರಿ 15ರ ರಾತ್ರಿ ಹಾಕಿದವರಿಗೂ ಒಂದೇ ಬೆಲೆ. ಉತ್ತರ ಏಪ್ರಿಲ್ 16ಕ್ಕೆ, ದೇಶಕ್ಕೆಲ್ಲ ಒಂದೇ ದಿನ.

ಯಾರಿಗೆ ಮೊದಲು ಸೀಟು ಅನ್ನುವುದನ್ನು ಶಾಲೆಗಳು ಅರ್ಜಿ ಶುರುವಾಗುವ ಮೊದಲೇ ಪ್ರಕಟಿಸಿರುತ್ತವೆ. ಅಪ್ಪ ಅಮ್ಮ ನೋಡಿಕೊಳ್ಳಲಾಗದೆ ಸರ್ಕಾರದ ಪಾಲನೆಯಲ್ಲಿರುವ ಮಕ್ಕಳಿಗೆ ಮೊದಲ ಸಾಲು. ನನಗೆ ತುಂಬ ಹಿಡಿಸಿದ ನಿಯಮ ಇದು. ಹೇಳುವವರು ಕೇಳುವವರು ಯಾರೂ ಇಲ್ಲದ ಮಗು ಎಲ್ಲರಿಗಿಂತ ಮುಂದೆ. ಆಮೇಲೆ ಸಾಮಾನ್ಯವಾಗಿ ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿರುವ ಮಕ್ಕಳು. ಆಮೇಲೆ ಮನೆಯಿಂದ ಶಾಲೆಗೆ ಎಷ್ಟು ದೂರ ಅನ್ನುವ ಲೆಕ್ಕ. ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಇಂಟರ್‌ವ್ಯೂ ಮಾಡುವ ಹಾಗಿಲ್ಲ. ಫೋಟೋ ಕೇಳುವ ಹಾಗಿಲ್ಲ. ಡೊನೇಷನ್ ಕೇಳುವ ಹಾಗಿಲ್ಲ. ಸಂಬಳ, ಕೆಲಸ, ಓದು ನೋಡಿ ಮಕ್ಕಳನ್ನು ಮುಂದೆ ಹಿಂದೆ ಮಾಡುವ ಹಾಗಿಲ್ಲ. ಇದೆಲ್ಲ ಶಾಲಾ ಪ್ರವೇಶ ಸಂಹಿತೆ ಅಂತ ಅಲ್ಲಿ ಇರುವ ಕಟ್ಟುನಿಟ್ಟಿನ ನಿಯಮದಲ್ಲೇ ಬರೆದಿದೆ.

ಏಪ್ರಿಲ್ 16ಕ್ಕೆ ನಮಗೆ ಬಂದ ಉತ್ತರದಲ್ಲಿ ಎರಡು ಸಂಖ್ಯೆ ಇದ್ದವು. ಕೊನೆಯ ಸೀಟು ಸಿಕ್ಕ ಮಗುವಿನ ಮನೆ ಶಾಲೆಯಿಂದ 0.43 ಮೈಲಿ. ನಮ್ಮ ಮನೆ 0.51 ಮೈಲಿ. ಅಂದರೆ ಸುಮಾರು 130 ಮೀಟರ್ ಜಾಸ್ತಿ. ನಮ್ಮ ಬೀದಿಯ ತುದಿಯಿಂದ ಬಸ್ ಸ್ಟಾಪ್‌ಗೆ ಆಗುವಷ್ಟು. ಬೇಜಾರಾಯಿತು, ನಿಜ. ಆದರೆ ಆ ರಾತ್ರಿ ನಾನೂ ನನ್ನ ಹೆಂಡತಿಯೂ ನಮ್ಮಲ್ಲೇನು ಕೊರತೆ ಅಂತ ಕೂತು ಹುಡುಕಲಿಲ್ಲ. ಮಗಳು ಎರಡನೇ ಶಾಲೆಗೆ ಸೇರಿದಳು. ಮೊದಲ ಶಾಲೆಯ ಕಾಯುವ ಪಟ್ಟಿಯಲ್ಲಿ ಅವಳು 9ನೆಯವಳು. ಜುಲೈನಲ್ಲಿ ಕೇಳಿದರೆ 10 ಆಗಿತ್ತು! ಇದೇನಿದು ಅಂತ ವಿಚಾರಿಸಿದೆ. ಶಾಲೆಗೆ ಇನ್ನೂ ಹತ್ತಿರದ ಮನೆಗೆ ಹೊಸದಾಗಿ ಒಂದು ಸಂಸಾರ ಬಂದಿದೆ, ಪಟ್ಟಿಯಲ್ಲೂ ಲೆಕ್ಕ ದೂರದ್ದೇ, ಮೊದಲು ಬಂದವರು ಅನ್ನುವ ಲೆಕ್ಕ ಇಲ್ಲ ಅಂದರು. ಇಷ್ಟವಾಗಲಿಲ್ಲ, ಆದರೆ ಒಪ್ಪಿಕೊಂಡೆ. ಒಪ್ಪದವರು ಸ್ವತಂತ್ರ ಸಮಿತಿಯ ಮುಂದೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಪುಟ್ಟ ಮಕ್ಕಳ ತರಗತಿಯಲ್ಲಿ ಒಬ್ಬ ಟೀಚರ್‌ಗೆ 30 ಮಕ್ಕಳು ಅನ್ನುವ ಮಿತಿ ಕಾನೂನಿನಲ್ಲೇ ಇರುವುದರಿಂದ ಗೆಲ್ಲುವುದು ಕಷ್ಟ.

ಅಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುವುದಿಲ್ಲ. ದೂರವೇ ಲೆಕ್ಕ ಅಂದಮೇಲೆ ಒಳ್ಳೆಯ ಶಾಲೆಯ ಸುತ್ತ ಮನೆಗಳ ಬೆಲೆ ಏರುತ್ತದೆ. ದುಡ್ಡಿದ್ದವರು ಶಾಲೆಯ ಪಕ್ಕದ ಬೀದಿಯಲ್ಲಿ ಮನೆ ಹಿಡಿಯುತ್ತಾರೆ. ಡೊನೇಷನ್ ಶಾಲೆಗೆ ಹೋಗುವ ಬದಲು ಮನೆ ಮಾರುವವನಿಗೆ ಹೋದ ಹಾಗೆ. ಚರ್ಚ್ ಶಾಲೆಗಳಲ್ಲಿ ಸೀಟಿಗೋಸ್ಕರ ಭಾನುವಾರದ ಪ್ರಾರ್ಥನೆಗೆ ಹೋಗುವವರೂ ಇದ್ದಾರೆ. ಇದಕ್ಕೆ ಮದ್ದು ಅಂತಲೇ 2008ರಲ್ಲಿ ಬ್ರೈಟನ್ ನಗರದಲ್ಲಿ ಹೈಸ್ಕೂಲು ಸೀಟುಗಳಿಗೆ ಚೀಟಿ ಎತ್ತುವ ಪದ್ಧತಿ ತಂದರು.

ಚೀಟಿ ಎತ್ತುವುದು ನಮಗೇನು ಹೊಸದಲ್ಲ. ಅಮ್ಮನ ಮನೆಯ ಎದುರು ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುವವರೊಬ್ಬರಿದ್ದಾರೆ. ಊರು ಚಿತ್ರದುರ್ಗದ ಕಡೆ. 2016ರಲ್ಲಿ ಅವರ ಮಗಳಿಗೆ ಆರ್‌ಟಿಇ ಲಾಟರಿಯಲ್ಲಿ ಅದೇ ವಾರ್ಡಿನ ಖಾಸಗಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೀಟು ಸಿಕ್ಕಿತು. ಆರ್‌ಟಿಇ ಅಂದರೆ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಡವರ ಮತ್ತು ಹಿಂದುಳಿದವರ ಮಕ್ಕಳಿಗೆ ಖಾಸಗಿ ಶಾಲೆಗಳು ಶೇ 25ರಷ್ಟು ಸೀಟು ಕೊಡಬೇಕು, ಎಂಟನೇ ಕ್ಲಾಸಿನ ತನಕ ಖರ್ಚನ್ನು ಸರ್ಕಾರ ಭರಿಸಬೇಕು ಅನ್ನುವುದು ಅದರಲ್ಲಿದೆ. ಆ ಸೀಟುಗಳನ್ನು ಹಂಚಿದ್ದು ಇಲಾಖೆಯ ಕಂಪ್ಯೂಟರ್. ಇಸ್ತ್ರಿ ಗಾಡಿಯವರ ಇಂಗ್ಲಿಷ್ ಹೇಗಿದೆ ಅಂತ ಯಾರೂ ಕೇಳಲಿಲ್ಲ. ಫೋನಿಗೆ ಬಂದ ಆ ಮೆಸೇಜನ್ನು ಅವರು ಅಂಗಡಿಯೊಂದರಲ್ಲಿ ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಗಾಡಿಯ ಡ್ರಾಯರ್‌ನಲ್ಲಿ ಇಟ್ಟುಕೊಂಡಿದ್ದರು. ನನಗೂ ತೆಗೆದು ತೋರಿಸಿದ್ದರು.

ಅವರ ಮಗನ ಸರದಿ ಬಂದಿದ್ದು 2020ರಲ್ಲಿ. ಅಷ್ಟರಲ್ಲಿ ನಿಯಮವೇ ಬದಲಾಗಿತ್ತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಅಂತ ಕರ್ನಾಟಕ ಸರ್ಕಾರ 2019ರಿಂದ ಮಾಡಿತು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೆಂಗಳೂರಿನಲ್ಲಿ ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇಲ್ಲದ ವಾರ್ಡು ಹುಡುಕುವುದು ಸುಲಭವಲ್ಲ. ಲಾಟರಿ ಹೆಸರಿಗೆ ಉಳಿಯಿತು. ಒಂದೇ ಮನೆ, ಒಂದೇ ಅಪ್ಪ, ಒಂದೇ ಆದಾಯ. ಅಕ್ಕನಿಗೆ ಇದ್ದ ಬಾಗಿಲು ತಮ್ಮನಿಗೆ ಇಲ್ಲ.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ಖಾಸಗಿ ಶಾಲೆಗಳಿಗೆ ವರ್ಷವರ್ಷ ದುಡ್ಡು ಕಟ್ಟುತ್ತಾ ಹೋದರೆ ಸರ್ಕಾರಿ ಶಾಲೆಗಳು ಖಾಲಿಯಾಗುತ್ತವೆ, ಆ ದುಡ್ಡು ನಮ್ಮ ಶಾಲೆಗೇ ಹಾಕೋಣ ಅನ್ನುವುದು. ಹಾಗೆ ಹಾಕಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಆದರೆ ಲಾಟರಿ ನಿಂತಷ್ಟು ಬೇಗ ಆ ಬೀದಿಯ ಸರ್ಕಾರಿ ಶಾಲೆಯ ಸೋರುವ ಮಾಡು ಸರಿಹೋಗಲಿಲ್ಲ. ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮಲ್ಲೂ ಅದನ್ನು ಕೈಬಿಟ್ಟು ಲಾಟರಿಯನ್ನು ಮೊದಲಿನ ಹಾಗೆ ತರಬೇಕು ಅನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ಅಮ್ಮನ ಮಾತು ಹೇಳಬೇಕು. ಅಮ್ಮ ಬೆಂಗಳೂರಿನಲ್ಲೇ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಜೂನ್ ಬಂದರೆ ದಾಖಲಾತಿ ಆಂದೋಲನ ಅಂತ ಮನೆಮನೆ ಸುತ್ತುತ್ತಿದ್ದರು. ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಶೆಡ್ಡುಗಳಿಗೆ ಹೋಗಿ ಮಕ್ಕಳನ್ನು ಕರೆತರುತ್ತಿದ್ದರು. ಜನನ ಪ್ರಮಾಣಪತ್ರ ಇರುತ್ತಿರಲಿಲ್ಲ. ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಒಂದನೇ ಕ್ಲಾಸು. ಹುಟ್ಟಿದ ದಿನ ಜೂನ್ 1. ಕರ್ನಾಟಕದಲ್ಲಿ ಎಷ್ಟು ಜನರ ಹುಟ್ಟುಹಬ್ಬ ಜೂನ್ 1ಕ್ಕೆ ಬರುತ್ತದೆ ನೋಡಿ, ಒಬ್ಬೊಬ್ಬರ ಹಿಂದೆಯೂ ಇಂಥ ಒಬ್ಬ ಟೀಚರ್ ಇರುತ್ತಾರೆ. ಈಗ ಅದು ಕಾನೂನೇ ಆಗಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ, ಟಿಸಿ ತಡವಾಯಿತು ಅಂತ ವಾಪಸ್ ಕಳಿಸುವಂತಿಲ್ಲ.

ಯಾರನ್ನಾದರೂ ವಾಪಸ್ ಕಳಿಸಿದ್ದು ಉಂಟಾ ಅಂತ ಅಮ್ಮನನ್ನು ಕೇಳಿದೆ. ‘ಬಂದ ಮಗೂನ ಹೋಗು ಅನ್ನೋಕೆ ನಾನ್ಯಾರೋ?’ ಅಂದರು.

ನಮ್ಮೂರಿನ ಎಲ್ಲಕ್ಕಿಂತ ನ್ಯಾಯವಾದ ಬಾಗಿಲು ಅದೇ. ಆದರೆ ಆ ಬಾಗಿಲ ಮುಂದೆ ಸಾಲು ಇಲ್ಲ. ಸಾಲು ಇರುವ ಕಡೆ ನ್ಯಾಯ ಇಲ್ಲ. ಅಮ್ಮ ಅಷ್ಟು ಮಕ್ಕಳನ್ನು ಸೇರಿಸಿಕೊಂಡರೂ ಅವರ ಸ್ವಂತ ಮೊಮ್ಮಗನನ್ನು ಅಲ್ಲಿಗೆ ಕಳಿಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ, ಆದರೆ ಬಚ್ಚಿಡುವುದು ಸರಿಯಲ್ಲ.

ಈಗ ಖಾಸಗಿ ಶಾಲೆಗಳ ಮಾತು. ಮಗುವನ್ನಾಗಲಿ ಪೋಷಕರನ್ನಾಗಲಿ ಜರಡಿ ಹಿಡಿಯಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಮೊದಲ ಸಲಕ್ಕೆ 25,000 ರೂಪಾಯಿ ತನಕ ದಂಡ, ಮುಂದಿನ ಪ್ರತಿ ಸಲಕ್ಕೆ 50,000. ಡೊನೇಷನ್ ತೆಗೆದುಕೊಂಡರೆ ಅದರ ಹತ್ತು ಪಟ್ಟಿನ ತನಕ. ಡೊನೇಷನ್ ವಿರುದ್ಧ ಕರ್ನಾಟಕ 1984ರಲ್ಲೇ ಕಾಯ್ದೆ ಮಾಡಿತ್ತು. ಹಾಗಾದರೆ ಇಂಟರಾಕ್ಷನ್ ಹೇಗೆ ನಡೆಯುತ್ತದೆ? ಕಾಯ್ದೆ ‘ಮಗು’ ಅನ್ನುವುದು 6ರಿಂದ 14 ವರ್ಷದವರನ್ನು. ನಮ್ಮಲ್ಲಿ ಸೀಟುಗಳು ನರ್ಸರಿ, ಎಲ್‌ಕೆಜಿಯಲ್ಲೇ ತುಂಬಿಹೋಗುತ್ತವೆ. ಒಂದನೇ ಕ್ಲಾಸಿನ ಹೊತ್ತಿಗೆ ಹಂಚುವುದಕ್ಕೆ ಏನೂ ಉಳಿದಿರುವುದಿಲ್ಲ. ಮೂರೂವರೆ ವರ್ಷದ ಮಗು ಆ ಸೆಕ್ಷನ್‌ನ ಕಣ್ಣಿಗೆ ಬೀಳುವುದೇ ಇಲ್ಲ.

ಇಂಗ್ಲೆಂಡಿನ ಮಾತು ಇಲ್ಲಿ ಬೇಡ ಅನ್ನುವವರಿಗೆ ದೆಹಲಿಯನ್ನು ತೋರಿಸುತ್ತೇನೆ. ಅಲ್ಲಿ ನರ್ಸರಿ ಪ್ರವೇಶಕ್ಕೆ ಶಿಕ್ಷಣ ನಿರ್ದೇಶನಾಲಯವೇ ಎಲ್ಲ ಖಾಸಗಿ ಶಾಲೆಗಳಿಗೂ ಒಂದೇ ವೇಳಾಪಟ್ಟಿ ಹೊರಡಿಸುತ್ತದೆ. ಮನೆ ಹತ್ತಿರ ಇದ್ದರೆ ಇಷ್ಟು ಅಂಕ, ಅಕ್ಕ ಅಣ್ಣ ಅದೇ ಶಾಲೆಯಲ್ಲಿದ್ದರೆ ಇಷ್ಟು ಅಂತ ಶಾಲೆ ಮೊದಲೇ ಪ್ರಕಟಿಸಬೇಕು. ಅಂಕ ಸಮ ಬಂದರೆ ಪೋಷಕರ ಎದುರೇ ಚೀಟಿ ಎತ್ತಬೇಕು, ಅದನ್ನು ವಿಡಿಯೋ ಮಾಡಬೇಕು. ಅಲ್ಲೂ ಜಗಳ, ಕೋರ್ಟು, ಸುಳ್ಳು ವಿಳಾಸ ಎಲ್ಲ ಇವೆ. ಆದರೂ ಜಗಳ ಆಡಲು ಕೈಯಲ್ಲಿ ಒಂದು ಕಾಗದ ಇದೆ.

ಬೆಂಗಳೂರಿಗೆ ಕೌನ್ಸಿಲ್ ಪದ್ಧತಿ ನಾಳೆಯೇ ಬರುವುದಿಲ್ಲ, ನನಗೂ ಗೊತ್ತು. ನಾನು ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ಎಷ್ಟು ಸೀಟು, ಅದರಲ್ಲಿ ಅಲ್ಲೇ ಓದುತ್ತಿರುವ ಮಕ್ಕಳ ತಮ್ಮ ತಂಗಿಯರಿಗೆ ಹೋದದ್ದು ಎಷ್ಟು, ಶಾಲೆಯ ಸಿಬ್ಬಂದಿಯ ಮಕ್ಕಳಿಗೆ ಎಷ್ಟು ಅಂತ ಗೇಟಿನ ಮೇಲೆ ಅಂಟಿಸಲಿ. ಉಳಿದದ್ದಕ್ಕೆ ಒಂದು ಶನಿವಾರ ಬೆಳಿಗ್ಗೆ ಎಲ್ಲರನ್ನೂ ಕರೆದು ಬಿಂದಿಗೆಯಲ್ಲಿ ಚೀಟಿ ಹಾಕಿ, ಯಾವುದಾದರೂ ಮಗುವಿನ ಕೈಯಲ್ಲಿ ಎತ್ತಿಸಲಿ. ಚೀಟಿಯಲ್ಲಿ ಹೆಸರು ಬರದವರಿಗೆ ಎರಡು ಸಾಲು ಬರೆದುಕೊಡಲಿ. ಇದಕ್ಕೆ ಶಾಲೆಗೆ ಒಂದು ರೂಪಾಯಿಯೂ ಖರ್ಚಿಲ್ಲ. ಅರ್ಜಿಗೆ ಸಾವಿರ ತೆಗೆದುಕೊಂಡವರು ಅಷ್ಟಾದರೂ ಮಾಡಬಹುದು, ಅಲ್ವಾ?

ತಂಗಿಯ ಮಗನಿಗೆ ಈಗ ಬೇರೆ ಶಾಲೆಯಲ್ಲಿ ಸೀಟು ಸಿಕ್ಕಿದೆ. ಮನೆಗೆ ಹತ್ತಿರ, ಅವನಿಗೂ ಇಷ್ಟವಾಗಿದೆ. ಆದರೂ ಹೋದ ವಾರ ಅವಳು ಮೊದಲ ಶಾಲೆಗೆ ಕನ್ನಡದಲ್ಲಿ ಒಂದು ಪತ್ರ ಬರೆದು, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದಾಳೆ. ಸೀಟು ಕೇಳಿಲ್ಲ, ಅರ್ಜಿಯ ದುಡ್ಡೂ ಕೇಳಿಲ್ಲ. ಕಾರಣ ತಿಳಿಸಿ, ಮಗನ ಫೋಟೋ ವಾಪಸ್ ಕಳಿಸಿ ಅಂತ ಕೇಳಿದ್ದಾಳೆ.