ಮೈಲೋಮಾ ಮಣಿಸಲು ರಕ್ತನಾಳಗಳನ್ನೇ ಗುರಿ ಮಾಡಬೇಕೆ?

ಪರ: ಪೂರೈಕೆ ನಿಂತರೆ ಕ್ಯಾನ್ಸರ್ ಸೊರಗುತ್ತದೆ

ಮೂಳೆಯ ಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳ ಕೆಲಸ ಪ್ರತಿಕಾಯ ತಯಾರಿಸುವುದು. ಅವು ಹತೋಟಿ ತಪ್ಪಿ ಬೆಳೆದರೆ ಅದೇ ಮಲ್ಟಿಪಲ್ ಮೈಲೋಮಾ. ಮೂಳೆ ಸವೆಯುತ್ತದೆ, ರಕ್ತ ಕಮ್ಮಿಯಾಗುತ್ತದೆ, ಎಷ್ಟೋ ಜನರಿಗೆ ಕಿಡ್ನಿಯೂ ಕೆಡುತ್ತದೆ. ಇಷ್ಟೆಲ್ಲ ಹಾವಳಿ ಮಾಡುವ ಕೋಶಗಳಿಗೂ ಆಮ್ಲಜನಕ ಬೇಕು, ಆಹಾರ ಬೇಕು ಅಲ್ವಾ? ಎರಡನ್ನೂ ತಂದುಕೊಡುವುದು ರಕ್ತ.

ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ಹೊಸ ರಕ್ತನಾಳ ಹುಟ್ಟಲೇಬೇಕು, ಅದನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದು ಎಂದು ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲಿ ವಾದಿಸಿದರು. ಆಗ ಎಲ್ಲರ ಕಣ್ಣಿದ್ದದ್ದು ಗಟ್ಟಿ ಗಡ್ಡೆಗಳ ಮೇಲೆ. ಮಜ್ಜೆಯ ಕ್ಯಾನ್ಸರ್‌ನತ್ತ ಗಮನ ಹರಿದದ್ದು ತಡವಾಗಿ. ಮೈಲೋಮಾ ಜೋರಾದಂತೆ ಮಜ್ಜೆಯಲ್ಲಿ ಸಣ್ಣ ನಾಳಗಳೂ ಹೆಚ್ಚುತ್ತವೆ ಎಂದು 1994ರಲ್ಲಿ ತೋರಿಸಿದ್ದು ಇಟಲಿಯ ಬಾರಿ ನಗರದ ಏಂಜೆಲೊ ವಾಕ್ಕಾ, ಡೊಮೆನಿಕೊ ರಿಬಾತ್ತಿ ಮತ್ತು ಸಂಗಡಿಗರು.

ಇದನ್ನು ಕಣ್ಣಾರೆ ಎಣಿಸಬಹುದು. ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯ ಚೂರನ್ನು ತೆಳ್ಳಗೆ ಕತ್ತರಿಸಿ, ನಾಳದ ಒಳಪದರಕ್ಕೆ ಅಂಟುವ ಬಣ್ಣ ಹಾಕುತ್ತಾರೆ. ಮೈಕ್ರೋಸ್ಕೋಪಿನಡಿ ನಾಳಗಳು ಕಂದು ಗೆರೆಗಳಾಗಿ, ಉಂಗುರಗಳಾಗಿ ಎದ್ದು ಕಾಣುತ್ತವೆ. 2002ರಲ್ಲಿ ಮೇಯೊ ಕ್ಲಿನಿಕ್ ತಂಡ ಹೀಗೆ ಎಣಿಸಿದಾಗ, 400 ಪಟ್ಟು ಹಿಗ್ಗಿಸಿದ ಒಂದು ನೋಟದಲ್ಲಿ ಸಿಕ್ಕ ನಾಳಗಳ ಮಧ್ಯಾಂಕ ಆರೋಗ್ಯವಂತರಲ್ಲಿ 1.3. ಎಂಜಿಯುಎಸ್ ಎಂಬ, ಇನ್ನೂ ಕ್ಯಾನ್ಸರ್ ಅನ್ನಿಸಿಕೊಳ್ಳದ ಹಂತದಲ್ಲಿ 3. ಹೊಸದಾಗಿ ಪತ್ತೆಯಾದ ಮೈಲೋಮಾದಲ್ಲಿ 11. ಕಾಯಿಲೆ ಮರುಕಳಿಸಿದವರಲ್ಲಿ 20. ಹಂತ ಏರಿದಂತೆ ಅಂಕಿಯೂ ಏರಿದೆ. ಇದನ್ನು ಕಾಕತಾಳೀಯ ಅನ್ನಲಾಗದು.

ನಾಳ ಬರೀ ಕೊಳವೆಯೂ ಅಲ್ಲ. ಮೈಲೋಮಾ ಕೋಶಗಳು ವಿಇಜಿಎಫ್ ಎಂಬ ಪ್ರೋಟೀನ್ ಬಿಡುತ್ತವೆ. ಅದರಿಂದ ಹೊಸ ನಾಳ ಚಿಗುರುತ್ತದೆ. ಅಷ್ಟೇ ಆಗಿದ್ದರೆ ಒಂದು ಮಾತು. ಅದೇ ವಿಇಜಿಎಫ್ ಸುತ್ತಲಿನ ಆಧಾರ ಕೋಶಗಳಿಂದ ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಪ್ರೋಟೀನ್ ಹೊರಡಿಸುತ್ತದೆ. ಮೈಲೋಮಾ ಕೊಬ್ಬುವುದೇ ಇದರಿಂದ! ಇಂಟರ್‌ಲ್ಯೂಕಿನ್-6 ಸಿಕ್ಕಿದ ಕೋಶ ಮತ್ತಷ್ಟು ವಿಇಜಿಎಫ್ ಬಿಡುತ್ತದೆ. ಒಂದಕ್ಕೊಂದು ಕುಮ್ಮಕ್ಕು. ಈ ಸುತ್ತನ್ನು ಎಲ್ಲಿ ಕತ್ತರಿಸಿದರೂ ಲಾಭವೇ.

ಇನ್ನೊಂದು ಅನುಕೂಲವಿದೆ. ಕ್ಯಾನ್ಸರ್ ಕೋಶ ಪದೇ ಪದೇ ರೂಪಾಂತರಗೊಂಡು ಮದ್ದಿಗೆ ಜಗ್ಗದಂತಾಗುತ್ತದೆ. ನಾಳದ ಕೋಶ ಅಷ್ಟು ಬೇಗ ಬದಲಾಗದು, ಹಾಗಾಗಿ ಅದನ್ನು ಗುರಿ ಮಾಡಿದ ಮದ್ದು ಬಹಳ ಕಾಲ ಕೆಲಸಕ್ಕೆ ಬರುತ್ತದೆ ಎಂಬುದು ಫೋಕ್‌ಮನ್ ಬಳಗದ ನಿರೀಕ್ಷೆ. ಥ್ಯಾಲಿಡೋಮೈಡ್ ಎಂಬ ಹಳೆಯ ಮದ್ದು ಮೈಲೋಮಾ ರೋಗಿಗಳ ಕೈಗೆ ಬಂದದ್ದು ಇದೇ ಯೋಚನೆಯ ಬೆನ್ನು ಹಿಡಿದು.

ವಿರೋಧ: ಮದ್ದು ಕೆಲಸ ಮಾಡಿತು, ಕಾರಣ ಬೇರೆ

ನಾಳಗಳು ಹೆಚ್ಚುತ್ತವೆ ಎಂಬುದಕ್ಕೆ ತಕರಾರಿಲ್ಲ. ಆದರೆ ಕಾಯಿಲೆ ಬೆಳೆದದ್ದಕ್ಕೆ ನಾಳ ಬೆಳೆಯಿತೋ, ನಾಳ ಬೆಳೆದದ್ದಕ್ಕೆ ಕಾಯಿಲೆಯೋ? ಎಣಿಕೆಯೊಂದರಿಂದಲೇ ಇದು ತೀರ್ಮಾನವಾಗದು. ಮಜ್ಜೆ ಮೊದಲೇ ಸಣ್ಣ ನಾಳಗಳು ತುಂಬಿದ ಜಾಗ. ರಕ್ತ ಹುಟ್ಟುವುದೇ ಅಲ್ಲಿ. ಏನೂ ಇಲ್ಲದ ಕಡೆ ಬೇರೂರುವ ಗಡ್ಡೆಯ ಪಾಡೇ ಬೇರೆ, ಇದರದ್ದೇ ಬೇರೆ.

ಥ್ಯಾಲಿಡೋಮೈಡ್ ಕಥೆಯನ್ನೇ ಸರಿಯಾಗಿ ನೋಡೋಣ, ಪರ ಪಕ್ಷದ ದೊಡ್ಡ ಸಾಕ್ಷಿ ಅದೇ ತಾನೇ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆ ಮಾತ್ರೆಯಾಗಿ ಮಾರಾಟಕ್ಕೆ ಬಂತು. ಗರ್ಭಿಣಿಯರು ನುಂಗಿದ್ದರಿಂದ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದವು. 1961ರಲ್ಲಿ ಅಲ್ಲಿ ಮಾರಾಟ ನಿಂತಿತು. 1994ರಲ್ಲಿ ರಾಬರ್ಟ್ ಡಿಅಮಾಟೊ, ಫೋಕ್‌ಮನ್ ಮತ್ತಿತರರು ಅದು ಮೊಲದ ಕಣ್ಣಿನಲ್ಲಿ ಹೊಸ ನಾಳ ಬೆಳೆಯದಂತೆ ತಡೆಯುತ್ತದೆ ಎಂದು ತೋರಿಸಿದರು. ಆಮೇಲೆ ಅಮೆರಿಕದ ಅರ್ಕಾನ್ಸಾದಲ್ಲಿ ಬಾರ್ಟ್ ಬಾರ್ಲೋಗಿ ತಂಡ ಬೇರೆ ದಾರಿ ಮುಗಿದಿದ್ದ 84 ಮೈಲೋಮಾ ರೋಗಿಗಳಿಗೆ ಕೊಟ್ಟು ನೋಡಿತು. 1999ರ ವರದಿಯ ಪ್ರಕಾರ ಶೇ. 32ರಷ್ಟು ಜನರಿಗೆ ಗುಣ ಕಂಡಿತು. ಆ ಸ್ಥಿತಿಯ ರೋಗಿಗಳಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಸುಮ್ನೆ ದಾಟಿ ಹೋಗುವಂಥದ್ದಲ್ಲ. ಮದ್ದು ಕೊಟ್ಟ ಮೇಲೆ ಮಜ್ಜೆಯ ನಾಳಗಳ ದಟ್ಟಣೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ! ಕಾಯಿಲೆ ತಗ್ಗಿದೆ, ನಾಳ ಹಾಗೇ ಇದೆ.

ಮದ್ದು ಎಲ್ಲಿ ಹೋಗಿ ಅಂಟುತ್ತದೆ ಎಂದು ಜಪಾನಿನ ಸಂಶೋಧಕರು 2010ರಲ್ಲಿ ಕಂಡುಹಿಡಿದರು. ಸೆರೆಬ್ಲಾನ್ ಎಂಬ ಪ್ರೋಟೀನ್. 2014ರಲ್ಲಿ ಉಳಿದದ್ದೂ ಗೊತ್ತಾಯಿತು. ಥ್ಯಾಲಿಡೋಮೈಡ್‌ನ ತಮ್ಮನಂತಿರುವ ಲೆನಾಲಿಡೋಮೈಡ್ ಸೆರೆಬ್ಲಾನ್‌ಗೆ ಅಂಟಿದಾಗ ಇಕಾರೋಸ್, ಐಯೋಲೋಸ್ ಎಂಬ ಎರಡು ಪ್ರೋಟೀನ್‌ಗಳು ನಾಶವಾಗುತ್ತವೆ. ಅವಿಲ್ಲದೆ ಮೈಲೋಮಾ ಕೋಶ ಬದುಕದು. ಅಂದರೆ ಮುಖ್ಯ ಪೆಟ್ಟು ಬೀಳುತ್ತಿರುವುದು ಕ್ಯಾನ್ಸರ್ ಕೋಶದ ಒಳಗೇ. ನಾಳದ ಮೇಲೂ ಸ್ವಲ್ಪ ಪರಿಣಾಮ ಇರಬಹುದು, ಇರಲಿ. ನನ್ನ ಮಟ್ಟಿಗೆ ಅದು ಉಪಕಥೆ.

ನಾಳವೇ ಜೀವಾಳವಾಗಿದ್ದರೆ ವಿಇಜಿಎಫ್ ತಡೆಯಲೆಂದೇ ತಯಾರಾದ ಮದ್ದುಗಳು ಇಲ್ಲಿ ಮಿಂಚಬೇಕಿತ್ತು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ 2004ರಲ್ಲೇ ಅಮೆರಿಕದಲ್ಲಿ ಅನುಮತಿ ಪಡೆದ ಬೆವಾಸಿಝುಮ್ಯಾಬ್ ಅನ್ನು ಮೈಲೋಮಾದಲ್ಲಿ ಬೋರ್ಟೆಝೋಮಿಬ್ ಎಂಬ ಮೈಲೋಮಾ ಮದ್ದಿನ ಜೊತೆ ಸೇರಿಸಿ ನೋಡಿದರು. ಖಚಿತವಾಗಿ ಲಾಭ ಅನ್ನುವಷ್ಟು ಏನೂ ಸಿಗಲಿಲ್ಲ. ವಿಇಜಿಎಫ್ ನಿಂತರೆ ನಾಳ ಬೆಳೆಸುವ ಬೇರೆ ಪ್ರೋಟೀನ್‌ಗಳಾದ ಎಫ್‌ಜಿಎಫ್-2, ಎಚ್‌ಜಿಎಫ್ ಇದ್ದೇ ಇವೆ. ನಾಳ ಬೆಳೆಸಲು ಮೈಲೋಮಾಕ್ಕೆ ಒಂದೇ ಬಾಗಿಲಿಲ್ಲ.

ರೋಗಿಯ ಕಡೆಯಿಂದಲೂ ಯೋಚಿಸಬೇಕು. ವಿಇಜಿಎಫ್ ತಡೆಯುವ ಮದ್ದಿನಿಂದ ಬಿಪಿ ಏರುತ್ತದೆ, ಗಾಯ ಮಾಯುವುದು ತಡವಾಗುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರಬಹುದು. ಮೈಲೋಮಾ ರೋಗಿಯ ಕಿಡ್ನಿಗೆ ಮೊದಲೇ ಪೆಟ್ಟು ಬಿದ್ದಿರುತ್ತದೆ. ಮುರಿದ ಮೂಳೆ ಕೂಡಿಕೊಳ್ಳಲು ಹೊಸ ರಕ್ತನಾಳ ಬೇಕು. ಮೂಳೆ ಮುರಿಯುವುದೇ ದೊಡ್ಡ ಗೋಳಾಗಿರುವ ಈ ಕಾಯಿಲೆಯಲ್ಲಿ ಅದಕ್ಕೂ ಅಡ್ಡಿ ಮಾಡುವ ಮದ್ದನ್ನು ಕೊಡಬೇಕಾದರೆ ಅಷ್ಟೇ ದೊಡ್ಡ ಲಾಭವನ್ನೂ ತೋರಿಸಬೇಕು.