ಸಿಬಾರಿಸ್ ಅಳಿದದ್ದು ಭೋಗದಿಂದಲ್ಲ

ಪ್ರಾಚೀನ ನಗರ ಸಿಬಾರಿಸ್‌ನ ವಿಲಾಸ ಮತ್ತು ನಾಶದ ಕುರಿತ ಲೇಖನಕ್ಕೆ ಇದು ನನ್ನ ಪ್ರತಿಕ್ರಿಯೆ. ಭೋಗಪ್ರಿಯ ಎಂಬ ಅರ್ಥದ ‘ಸಿಬರೈಟ್’ ಎಂಬ ಅಪರೂಪದ ಇಂಗ್ಲಿಷ್ ಪದದ ಮೂಲವನ್ನು ಲೇಖಕರು ದಕ್ಷಿಣ ಇಟಲಿಯ ಗ್ರೀಕ್ ನಗರ ಸಿಬಾರಿಸ್‌ನಲ್ಲಿ ಗುರುತಿಸಿರುವುದು ಸರಿಯಾಗಿದೆ. ಆದರೆ ಆ ನಗರ ತನ್ನ ವಿಲಾಸದಿಂದಲೇ ನಾಶವಾಯಿತೆಂಬ ಅವರ ಮಾತನ್ನು ನಾನು ಒಪ್ಪಲಾರೆ. ಕ್ರಿ.ಪೂ. 510ರಲ್ಲಿ ಅದನ್ನು ನೆಲಸಮ ಮಾಡಿದ್ದು ನೆರೆಯ ಗ್ರೀಕ್ ನಗರ ಕ್ರೋಟನ್ನಿನ ಸೈನ್ಯ. ಗೆದ್ದವರು ಕ್ರಾಥಿಸ್ ನದಿಯನ್ನೇ ಊರಿನ ಮೇಲೆ ಹರಿಸಿದರೆಂದು ಪ್ರಾಚೀನ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಸಿಬಾರಿಸ್‌ನವರು ಸದ್ದು ಮಾಡುವ ಕಸುಬುಗಳನ್ನೂ ಹುಂಜಗಳನ್ನೂ ಊರಿನಿಂದ ಹೊರಗಿಟ್ಟರು, ಕುದುರೆಗಳಿಗೆ ಕೊಳಲಿನ ನಾದಕ್ಕೆ ಕುಣಿಯಲು ಕಲಿಸಿದರು ಎಂಬ ಕಥೆಗಳನ್ನು ನಮಗಾಗಿ ಉಳಿಸಿದ ಗ್ರೀಕ್ ಬರಹಗಾರ ಅಥೆನೇಯಸ್ ಬದುಕಿದ್ದು ನಗರ ಅಳಿದು ಸುಮಾರು 700 ವರ್ಷಗಳ ಬಳಿಕ. ಸಿಬಾರಿಸ್‌ನವರೇ ಬರೆದ ಚರಿತ್ರೆ ಯಾವುದೂ ನಮ್ಮ ಕೈಗೆ ಬಂದಿಲ್ಲ. ಎರಡು ನದಿಗಳ ನಡುವಿನ ಫಲವತ್ತಾದ ಬಯಲು, ವ್ಯಾಪಾರ, ಪೊಸಿಡೋನಿಯಾದಂಥ ಅವರದೇ ವಸಾಹತುಗಳು: ಸಂಪತ್ತಿನ ಈ ನಿಜವಾದ ಮೂಲಗಳಿಗೆ ಲೇಖನದಲ್ಲಿ ಒಂದು ಸಾಲೂ ಸಿಕ್ಕಿಲ್ಲ.

ಕೊಡಗಿನಲ್ಲಿ ಕಾಫಿ ಬೆಳೆಯುವ ನನ್ನಂಥವರಿಗೆ ಇದು ದೂರದ ವಿಷಯವಲ್ಲ. ಮಡಿಕೇರಿಯ ಹೋಂಸ್ಟೇಯಲ್ಲಿ ಎರಡು ದಿನ ತಂಗಿ ಹೋದವರು ನಮ್ಮದು ಸುಖದ ಬದುಕೆಂದು ಬರೆಯುತ್ತಾರೆ; ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟಾಗ ಕೆರೆಯ ನೀರೆತ್ತಿ ಸ್ಪ್ರಿಂಕ್ಲರ್ ಹಾಕುವ ಪಾಡಾಗಲಿ, ತೋಟಕ್ಕೆ ನುಗ್ಗುವ ಆನೆಗಳ ಭಯದಲ್ಲಿ ಕೆಲಸಕ್ಕಿಳಿಯುವ ಕಾರ್ಮಿಕರಾಗಲಿ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಆದ್ದರಿಂದ ಲೇಖಕರು ಮುಂದೆ ಈ ನಗರದ ಕುರಿತು ಬರೆಯುವಾಗ ಅದರ ಹೊಲಗಳನ್ನೂ ಅಲ್ಲಿ ದುಡಿದವರನ್ನೂ ಬಿಡಬಾರದೆಂದು ಕೋರುತ್ತೇನೆ.